ಗ್ಲೈಡರ್ ತರಬೇತಿ: ಇಳಿಯುವಾಗಿನ ಅಪಘಾತಗಳು ಕಲಿಸುವ ಪಾಠ

ಎಂಜಿನ್ ಇಲ್ಲದ ವಿಮಾನದಲ್ಲಿ ಹಾರಾಟ ಕಲಿಯುವವರಿಗೆ ಪ್ರತಿ ಬಾರಿಯೂ ಇಳಿಯಲು ಸಿಗುವ ಅವಕಾಶ ಒಂದೇ. ಲೆಕ್ಕ ತಪ್ಪಿತೆಂದು ಎಂಜಿನ್ನಿನ ಬಲ ಹೆಚ್ಚಿಸಿ, ಮತ್ತೆ ಮೇಲೇರಿ, ಇನ್ನೊಂದು ಸುತ್ತು ಹಾಕಿ ಬರುವ ಸೌಲಭ್ಯ ಅವರಿಗಿಲ್ಲ. ಹೀಗಿದ್ದೂ ಅಮೆರಿಕದಲ್ಲಿ ಮತ್ತು ಯುರೋಪಿನ ಹಲವು ದೇಶಗಳಲ್ಲಿ 14 ವರ್ಷ ತುಂಬಿದ ಬಾಲಕ ಬಾಲಕಿಯರು ಬೋಧಕರ ಒಪ್ಪಿಗೆ ಪಡೆದು ಗ್ಲೈಡರ್‌ನಲ್ಲಿ ಒಬ್ಬರೇ ಹಾರಬಹುದು. ನಮ್ಮಲ್ಲಿ ಸ್ಕೂಟರ್ ಓಡಿಸುವ ಪರವಾನಗಿಗೂ ಅರ್ಹತೆ ಬಾರದ ವಯಸ್ಸು ಅದು. ಅವರಲ್ಲಿ ಬಹುಪಾಲು ಮಂದಿ ಸುರಕ್ಷಿತವಾಗಿ ಇಳಿಯುತ್ತಾರೆ ಎಂಬುದು ಆ ತರಬೇತಿ ವ್ಯವಸ್ಥೆಯ ಹೆಗ್ಗಳಿಕೆ. ಆದರೆ ಗ್ಲೈಡರ್ ಅಪಘಾತಗಳ ಪಟ್ಟಿಯಲ್ಲಿ ವರ್ಷದಿಂದ ವರ್ಷಕ್ಕೆ ಮೊದಲ ಸ್ಥಾನದಲ್ಲಿ ಉಳಿದಿರುವುದೂ ಇಳಿಯುವ ಹಂತವೇ.

ಈ ಅಪಘಾತಗಳನ್ನು ಹತ್ತಿರದಿಂದ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗ್ಲೈಡರ್ ನೆಲಕ್ಕೆ ಅಪ್ಪಳಿಸುವುದು ರನ್‌ವೇಯ ಬಳಿಯಾದರೂ ಅಪಘಾತದ ಬೀಜ ಬಿದ್ದಿರುವುದು ಅಲ್ಲಲ್ಲ. ಅದು ಎರಡು ಮೂರು ನಿಮಿಷ ಮೊದಲು ಆಕಾಶದಲ್ಲಿ ತೆಗೆದುಕೊಂಡ, ಅಥವಾ ತೆಗೆದುಕೊಳ್ಳದೇ ಬಿಟ್ಟ ನಿರ್ಧಾರದಲ್ಲಿ ಇರುತ್ತದೆ. ಕೆಲವೊಮ್ಮೆ ಇನ್ನೂ ಹಿಂದೆ, ಬೋಧನೆಯ ಕ್ರಮದಲ್ಲಿಯೇ ಇರುತ್ತದೆ. ಪೈಲಟ್ ತರಬೇತಿ ಹಿಂದೆಂದೂ ಇಲ್ಲದಷ್ಟು ವಿಸ್ತಾರಗೊಂಡಿರುವ ಭಾರತದಲ್ಲಿ ಈ ಪಾಠಕ್ಕೆ ವಿಶೇಷ ಮಹತ್ವವಿದೆ.

ಹೆಸರಿನ ಗೊಂದಲ

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಬೇಕು. ನಮ್ಮ ಸುದ್ದಿಗಳಲ್ಲಿ 'ಗ್ಲೈಡರ್' ಎಂಬ ಪದ ಬಹಳ ಸಡಿಲವಾಗಿ ಬಳಕೆಯಾಗುತ್ತದೆ. 2020ರ ಅಕ್ಟೋಬರ್ 4ರಂದು ಕೊಚ್ಚಿಯಲ್ಲಿ ತರಬೇತಿ ಹಾರಾಟಕ್ಕೆ ಹೊರಟ ನೌಕಾಪಡೆಯ ಪವರ್ ಗ್ಲೈಡರ್ ತೋಪ್ಪುಂಪಡಿ ಸೇತುವೆಯ ಬಳಿ ಪತನಗೊಂಡು ಇಬ್ಬರು ನೌಕಾ ಸಿಬ್ಬಂದಿ ಮೃತಪಟ್ಟರು. 2023ರ ಮಾರ್ಚ್‌ನಲ್ಲಿ ಜಾರ್ಖಂಡ್‌ನ ಧನಬಾದ್‌ನಲ್ಲಿ ಬರ್‌ವಡ್ಡಾ ಏರ್‌ಸ್ಟ್ರಿಪ್‌ನಿಂದ ಮೇಲೇರಿದ ವಾಹನವೊಂದು ಮನೆಯೊಂದಕ್ಕೆ ಅಪ್ಪಳಿಸಿ, ಪೈಲಟ್ ಮತ್ತು 14 ವರ್ಷದ ಬಾಲಕ ಗಾಯಗೊಂಡರು. ಎರಡನ್ನೂ 'ಗ್ಲೈಡರ್ ದುರಂತ' ಎಂದೇ ವರದಿ ಮಾಡಲಾಯಿತು. ಇವು ಎಂಜಿನ್ ಹೊಂದಿದ ಹಗುರ ವಿಮಾನಗಳ ಸಾಲಿಗೆ ಸೇರುವಂಥವು. ಬೆಟ್ಟದಿಂದ ಜಿಗಿದು ಹಾರುವ ಪ್ಯಾರಾಗ್ಲೈಡರ್ ಮತ್ತು ಹ್ಯಾಂಗ್ ಗ್ಲೈಡರ್‌ಗಳ ಕಥೆಯೇ ಬೇರೆ.

ಇಲ್ಲಿ ಚರ್ಚೆಯಲ್ಲಿರುವುದು ಉದ್ದನೆಯ ರೆಕ್ಕೆಗಳ, ಮುಚ್ಚಿದ ಕಾಕ್‌ಪಿಟ್‌ನ, ಎಂಜಿನ್ ಇಲ್ಲದ ವಿಮಾನ. ವಿಂಚ್ ಎಂಬ ಯಂತ್ರದ ಹಗ್ಗದಿಂದಾಗಲೀ, ಇನ್ನೊಂದು ವಿಮಾನದ ಹಿಂದೆ ಕಟ್ಟಿಯಾಗಲೀ ಅದನ್ನು ಮೇಲಕ್ಕೆಳೆದು ಬಿಡಲಾಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಸಿಕ್ಕರೆ ಅದು ಗಂಟೆಗಟ್ಟಲೆ ಹಾರಬಲ್ಲದು. ಸಿಗದಿದ್ದರೆ ಕೆಲವೇ ನಿಮಿಷಗಳಲ್ಲಿ ಇಳಿಯಬೇಕು. ತರಬೇತಿಯಲ್ಲಿರುವವರ ಹಾರಾಟಗಳು ಹೆಚ್ಚಾಗಿ ಈ ಎರಡನೆಯ ಬಗೆಯವು.

ದಾಖಲೆಗಳು ಹೇಳುವುದೇನು?

ಅಮೆರಿಕದಲ್ಲಿ ಸೋರಿಂಗ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆಯಿದೆ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಗೆ ವರದಿಯಾದ ಗ್ಲೈಡರ್ ಅಪಘಾತಗಳನ್ನು ಅದು ಹಂತವಾರು ವಿಂಗಡಿಸಿ ಪ್ರತಿವರ್ಷ ಪ್ರಕಟಿಸುತ್ತದೆ. ಯಾವ ವರ್ಷದ ವರದಿಯನ್ನು ತೆರೆದರೂ ಸಿಂಹಪಾಲು ಇಳಿಯುವ ಹಂತದ್ದೇ. ರನ್‌ವೇ ತಲುಪದೆ ಬೇಲಿಗೆ ಅಥವಾ ಮರಕ್ಕೆ ತಗುಲಿದ್ದು, ರನ್‌ವೇ ದಾಟಿ ಮುಂದೆ ಹೋಗಿದ್ದು, ನೆಲ ಮುಟ್ಟುವಾಗ ಪುಟಿದು ಬಿದ್ದದ್ದು, ಮೈದಾನ ತಲುಪಲಾರದೆ ಯಾವುದೋ ಹೊಲದಲ್ಲಿ ಇಳಿಯಲು ಹೋಗಿ ರೆಕ್ಕೆ ಮುರಿದುಕೊಂಡದ್ದು. ಹೀಗೆ ಸಾಗುತ್ತದೆ ಪಟ್ಟಿ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಇಂಥ ಘಟನೆಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಹಾನಿ ಮಾಡುತ್ತವೆಯೇ ಹೊರತು ಪ್ರಾಣ ತೆಗೆಯುವುದಿಲ್ಲ. ಗ್ಲೈಡರ್‌ನ ವೇಗ ಕಡಿಮೆ, ಹೊತ್ತಿ ಉರಿಯಲು ಇಂಧನವಿಲ್ಲ. ಪ್ರಾಣಾಂತಿಕವಾಗುವವು ಬೇರೆಯವು. ಇಳಿಯುವ ಮುನ್ನ ಕೆಳಮಟ್ಟದ ತಿರುವಿನಲ್ಲಿ ನಿಯಂತ್ರಣ ತಪ್ಪಿ ಬೀಳುವಂಥವು ಮತ್ತು ಮೇಲೇರುವಾಗ ಹಗ್ಗ ಕಡಿದು ಬೀಳುವಂಥವು. ಎರಡು, ಅಪಘಾತಕ್ಕೀಡಾಗುವವರು ಹೊಸಬರು ಮಾತ್ರವಲ್ಲ. ಬೋಧಕರು ಜತೆಯಲ್ಲೇ ಕುಳಿತಿದ್ದಾಗ ನಡೆದ ಘಟನೆಗಳೂ ದಾಖಲೆಗಳಲ್ಲಿವೆ. ಹೀಗಾಗಿ 'ವಿದ್ಯಾರ್ಥಿಯ ಅನನುಭವ' ಎಂಬ ಒಂದೇ ಮಾತಿನಿಂದ ಇಡೀ ವಿಷಯಕ್ಕೆ ತೆರೆ ಎಳೆಯಲಾಗದು.

ಎತ್ತರವೇ ಇಂಧನ

ಗ್ಲೈಡರ್‌ನ ಪಾಲಿಗೆ ಎತ್ತರವೇ ಇಂಧನ. ಇಂದು ಜಗತ್ತಿನ ಅನೇಕ ಕ್ಲಬ್ಬುಗಳಲ್ಲಿ ತರಬೇತಿಗೆ ಬಳಸುವ ಜರ್ಮನಿಯ ಎಎಸ್‌ಕೆ 21 ಎಂಬ ಎರಡು ಆಸನಗಳ ಗ್ಲೈಡರ್‌ನ ಉದಾಹರಣೆ ತೆಗೆದುಕೊಳ್ಳಬಹುದು. ಅದರ ರೆಕ್ಕೆಗಳ ಹರವು 17 ಮೀಟರ್. ಶಾಂತ ಗಾಳಿಯಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಅದು ಸುಮಾರು 34 ಮೀಟರ್ ಮುಂದೆ ಸಾಗುತ್ತದೆ. ಅಂದರೆ 90 ಮೀಟರ್ ಎತ್ತರದಲ್ಲಿದ್ದರೂ ಮೂರು ಕಿಲೋಮೀಟರ್ ದೂರ ಹೋಗಬಲ್ಲದು. ಇಷ್ಟು ಚೆನ್ನಾಗಿ ತೇಲುವ ವಿಮಾನವನ್ನು ನಿಗದಿತ ಜಾಗದಲ್ಲಿ ಇಳಿಸುವುದು ಕಷ್ಟವಾದ್ದರಿಂದ ರೆಕ್ಕೆಯ ಮೇಲೆ ಏರ್‌ಬ್ರೇಕ್ ಎಂಬ ಫಲಕಗಳಿರುತ್ತವೆ. ಸನ್ನೆ ಎಳೆದರೆ ಅವು ಮೇಲೆದ್ದು ಗಾಳಿಗೆ ಅಡ್ಡ ನಿಲ್ಲುತ್ತವೆ; ವಿಮಾನ ಕಡಿದಾಗಿ ಇಳಿಯತೊಡಗುತ್ತದೆ. ಪೂರ್ತಿ ಎಳೆದರೆ ಅದೇ 90 ಮೀಟರ್ ಎತ್ತರದಿಂದ ಸುಮಾರು 600 ಮೀಟರ್ ದೂರದಲ್ಲೇ ನೆಲ ಸಿಗುತ್ತದೆ.

ಈ ಎರಡು ಅಂಚುಗಳ ನಡುವೆ ಎಲ್ಲಿ ಇರಬೇಕೆಂದು ತೀರ್ಮಾನಿಸುವುದೇ ಇಳಿಯುವ ವಿದ್ಯೆಯ ತಿರುಳು. ಎತ್ತರ ಹೆಚ್ಚಿದ್ದರೆ ಏರ್‌ಬ್ರೇಕ್ ಅದನ್ನು ಕರಗಿಸುತ್ತದೆ. ಕಡಿಮೆಯಾದರೆ ಕೊಡುವವರು ಯಾರೂ ಇಲ್ಲ. ಹಾಗಾಗಿ ಮೈದಾನದ ಪಕ್ಕಕ್ಕೆ ಸುಮಾರು 200ರಿಂದ 250 ಮೀಟರ್ ಎತ್ತರದಲ್ಲಿ ಬಂದು, ಗಾಳಿಯ ದಿಕ್ಕಿನಲ್ಲಿ ಸಾಗಿ, ಎರಡು ತಿರುವು ತೆಗೆದುಕೊಂಡು ರನ್‌ವೇಗೆ ಎದುರಾಗುವ ಸರ್ಕ್ಯೂಟ್ ಎಂಬ ಕ್ರಮವನ್ನು ಕಲಿಸಲಾಗುತ್ತದೆ.

ತಪ್ಪು ಮೊಳೆಯುವುದು ಇಲ್ಲಿಯೇ. ಇನ್ನೊಂದಿಷ್ಟು ಮೇಲ್ಗಾಳಿ ಸಿಗಬಹುದೆಂಬ ಆಸೆಯಿಂದ ವಿದ್ಯಾರ್ಥಿ ಸರ್ಕ್ಯೂಟ್ ಆರಂಭಿಸಲು ತಡ ಮಾಡುತ್ತಾನೆ. ಅಥವಾ ಗಾಳಿ ಕೆಳಗಿಳಿಯುತ್ತಿರುವ ಜಾಗಕ್ಕೆ ಸಿಲುಕಿ ಎತ್ತರ ಕಳೆದುಕೊಂಡರೂ ಎಂದಿನ ದಾರಿಯನ್ನೇ ಹಿಡಿದು ದೂರ ಸಾಗುತ್ತಾನೆ. ಪ್ರತಿದಿನ ಅದೇ ಮರದ ಬಳಿ, ಅದೇ ಶೆಡ್ಡಿನ ಮೇಲೆ ತಿರುಗಿ ಅಭ್ಯಾಸವಾದವನಿಗೆ ಇಂದು ಮೊದಲೇ ತಿರುಗಬೇಕೆಂಬುದು ಹೊಳೆಯುವುದಿಲ್ಲ. ಆದ್ದರಿಂದಲೇ ಅನುಭವಿ ಬೋಧಕರು ಒಮ್ಮೊಮ್ಮೆ ಎತ್ತರಮಾಪಕವನ್ನು ಮುಚ್ಚಿ ಹಾರಿಸುತ್ತಾರೆ. ಗುರುತು ಮರಗಳನ್ನೂ ಮುಳ್ಳಿನ ಅಂಕಿಯನ್ನೂ ನೆಚ್ಚದೆ, ರನ್‌ವೇ ಕಣ್ಣಿಗೆ ಕಾಣುವ ಕೋನದಿಂದಲೇ ಎತ್ತರವನ್ನು ಅಂದಾಜು ಮಾಡಲು ಕಲಿತವನು ಅಪರಿಚಿತ ಹೊಲದಲ್ಲೂ ಇಳಿಯಬಲ್ಲ.

ಕೊನೆಯ ತಿರುವಿನ ಅಪಾಯ

ಎತ್ತರ ಕಡಿಮೆಯಾದ ಮೇಲೆ ಬರುವುದು ಕೊನೆಯ ತಿರುವು. ಜೀವ ತೆಗೆಯುವ ಅಪಘಾತಗಳ ತವರು ಇದು. ನೆಲ ಹತ್ತಿರ ಕಾಣುತ್ತಿರುವಾಗ ರೆಕ್ಕೆಯನ್ನು ಹೆಚ್ಚು ವಾಲಿಸಲು ವಿದ್ಯಾರ್ಥಿಗೆ ಭಯ. ಆದರೆ ತಿರುವು ಸಾಲದೆ ವಿಮಾನ ರನ್‌ವೇಯ ನೇರವನ್ನು ದಾಟಿ ಹೋಗುತ್ತಿರುತ್ತದೆ. ಆಗ ಅವನು ಕಾಲಿನ ಪೆಡಲ್ ಒತ್ತಿ ಮೂತಿಯನ್ನು ಬಲವಂತವಾಗಿ ತಿರುಗಿಸಲು ಹೋಗುತ್ತಾನೆ. ಮೂತಿ ಕೆಳಗೆ ವಾಲುತ್ತಿದೆಯೆನಿಸಿ ಕೈಯಲ್ಲಿರುವ ಕೋಲನ್ನು ಹಿಂದಕ್ಕೆಳೆಯುತ್ತಾನೆ. ಒಳಭಾಗದ ರೆಕ್ಕೆ ವೇಗ ಕಳೆದುಕೊಂಡು ಏಕಾಏಕಿ ಕುಸಿಯುತ್ತದೆ. ವಿಮಾನ ಗಿರಕಿ ಹೊಡೆಯುತ್ತಾ ಬೀಳುತ್ತದೆ. ವೈಮಾನಿಕರ ಭಾಷೆಯಲ್ಲಿ ಇದು ಸ್ಟಾಲ್ ಮತ್ತು ಸ್ಪಿನ್. ಸಾವಿರ ಮೀಟರ್ ಎತ್ತರದಲ್ಲಾದರೆ ಇದು ಕಲಿಕೆಯ ಒಂದು ಪಾಠ. ನೂರು ಮೀಟರಿನ ಕೆಳಗಾದರೆ ಚೇತರಿಸಿಕೊಳ್ಳಲು ಜಾಗವೇ ಇಲ್ಲ.

ಇದರ ಹಿಂದಿನ ಲೆಕ್ಕ ಸರಳ. ನೇರವಾಗಿ ಹಾರುವಾಗ ಗಂಟೆಗೆ 65 ಕಿಲೋಮೀಟರ್ ವೇಗದವರೆಗೆ ರೆಕ್ಕೆ ವಿಮಾನವನ್ನು ಹೊರಬಲ್ಲದೆಂದು ಇಟ್ಟುಕೊಂಡರೆ, 45 ಡಿಗ್ರಿ ವಾಲಿದಾಗ ಆ ಮಿತಿ 77 ಕಿಲೋಮೀಟರ್‌ಗೆ ಏರುತ್ತದೆ. 60 ಡಿಗ್ರಿ ವಾಲಿದಾಗ 92 ಆಗುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನೆಮ್ಮದಿಯಿಂದ ಬರುತ್ತಿದ್ದ ವಿಮಾನ, ಗಾಬರಿಯ ಒಂದೇ ತಿರುವಿನಲ್ಲಿ ಮಿತಿ ಮೀರುವುದು ಹೀಗೆ. ಜತೆಗೆ ನೆಲ ಸಮೀಪಿಸಿದಂತೆ ಎದುರುಗಾಳಿಯ ಬಲ ತಗ್ಗುವುದರಿಂದ ವಿಮಾನದ ಗಾಳಿವೇಗವೂ ತಾನಾಗಿ ಕುಸಿಯುತ್ತದೆ. ಕೊನೆಯ ತಿರುವನ್ನು ಸುಮಾರು 90 ಮೀಟರ್, ಅಂದರೆ 300 ಅಡಿ ಎತ್ತರದಲ್ಲಿಯೇ ಮುಗಿಸಬೇಕು, ಗಾಳಿ ಬಲವಾಗಿದ್ದಷ್ಟೂ ಹೆಚ್ಚು ವೇಗ ಇಟ್ಟುಕೊಳ್ಳಬೇಕು ಎಂಬ ನಿಯಮಗಳು ಹುಟ್ಟಿಕೊಂಡಿರುವುದು ಈ ಕಾರಣಕ್ಕೆ.

ನೆಲ ಮುಟ್ಟುವ ಹತ್ತು ಸೆಕೆಂಡು

ತಿರುವು ಸುಸೂತ್ರವಾಗಿ ಮುಗಿದರೂ ಕೊನೆಯ ಕೆಲವು ಮೀಟರ್‌ಗಳು ಉಳಿದಿರುತ್ತವೆ. ಮೂತಿಯನ್ನು ತುಸು ಎತ್ತಿ, ನೆಲಕ್ಕೆ ಸಮಾನಾಂತರವಾಗಿ ತೇಲಿಸಿ, ವೇಗ ತಾನಾಗಿ ಕರಗಿದಾಗ ಚಕ್ರ ನೆಲ ಮುಟ್ಟುವಂತೆ ಮಾಡಬೇಕು. ಬೇಗ ಎತ್ತಿದರೆ ವಿಮಾನ ಗಾಳಿಯಲ್ಲೇ ವೇಗ ಕಳೆದುಕೊಂಡು ದೊಪ್ಪನೆ ಬೀಳುತ್ತದೆ. ತಡವಾಗಿ ಎತ್ತಿದರೆ ಚಕ್ರ ನೆಲಕ್ಕೆ ಹೊಡೆದು ಪುಟಿಯುತ್ತದೆ. ಪುಟಿದಾಗ ಗಾಬರಿಯಿಂದ ಕೋಲನ್ನು ಮುಂದಕ್ಕೆ ತಳ್ಳಿ, ಮತ್ತೆ ಹಿಂದಕ್ಕೆಳೆದು, ವಿಮಾನದ ಏರಿಳಿತಕ್ಕಿಂತ ಒಂದು ಹೆಜ್ಜೆ ಹಿಂದೆ ಬಿದ್ದವನು ಪ್ರತಿ ಬಾರಿಯೂ ಪುಟಿತವನ್ನು ಹೆಚ್ಚಿಸುತ್ತಾ ಹೋಗುತ್ತಾನೆ. ಇದೇ ಹೊತ್ತಿನಲ್ಲಿ ಏರ್‌ಬ್ರೇಕ್‌ನ ಸನ್ನೆಯನ್ನು ಪೂರ್ತಿ ಎಳೆದುಬಿಟ್ಟರೆ ಬೀಳುವ ರಭಸ ಇನ್ನೂ ಹೆಚ್ಚು.

ಗ್ಲೈಡರ್‌ನ ಆಸನ ನೆಲಕ್ಕೆ ಬಹಳ ಹತ್ತಿರ. ಪೆಟ್ಟನ್ನು ಹೀರಿಕೊಳ್ಳಲು ಕೆಳಗೆ ಹೆಚ್ಚೇನೂ ಇರುವುದಿಲ್ಲ. ಆದ್ದರಿಂದ ದೊಪ್ಪನೆ ಬಿದ್ದ ಗ್ಲೈಡರ್ ಹೊರಗಿನಿಂದ ಸುಸ್ಥಿತಿಯಲ್ಲಿ ಕಂಡರೂ ಒಳಗಿದ್ದವರ ಬೆನ್ನುಮೂಳೆ ಜಜ್ಜಿಹೋಗಿರಬಹುದು. ಆಘಾತ ಹೀರುವ ವಿಶೇಷ ಫೋಮ್ ದಿಂಬುಗಳನ್ನು ಆಸನದಲ್ಲಿ ಬಳಸಬೇಕೆಂದು ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ ಸಲಹೆ ನೀಡುತ್ತಾ ಬಂದಿರುವುದು ಇದಕ್ಕಾಗಿಯೇ. ಮನೆಯ ಮೆತ್ತನೆಯ ದಿಂಬು ಇಟ್ಟುಕೊಂಡರೆ ಪೆಟ್ಟು ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವಿದೆ. ನೆಲ ಮುಟ್ಟಿದ ಮೇಲೂ ಗಂಡಾಂತರ ಮುಗಿಯದು. ಎತ್ತರವಾಗಿ ಬೆಳೆದ ಹುಲ್ಲಿಗೆ ರೆಕ್ಕೆಯ ತುದಿ ಸಿಕ್ಕಿಕೊಂಡರೆ ವಿಮಾನ ನೆಲದ ಮೇಲೆಯೇ ಗಿರ್ರನೆ ತಿರುಗಿ ಬಾಲ ಮುರಿದುಕೊಳ್ಳುತ್ತದೆ.

ಇಲ್ಲೊಂದು ಲೆಕ್ಕ ಮಾಡಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ ಗ್ಲೈಡರ್ ಪೈಲಟ್ ಪರವಾನಗಿಗೆ ಕನಿಷ್ಠ ವಯಸ್ಸು 16. ಕನಿಷ್ಠ ಹಾರಾಟ 6 ಗಂಟೆ. ಅದರಲ್ಲಿ 2 ಗಂಟೆ ಒಂಟಿ ಹಾರಾಟ, ಆ ಅವಧಿಯಲ್ಲಿ ಕನಿಷ್ಠ 20 ಬಾರಿ ಏರಿ ಇಳಿದಿರಬೇಕು. ಯುರೋಪಿನ ನಿಯಮ ಇನ್ನೂ ಬಿಗಿ: 15 ಗಂಟೆಗಳ ಹಾರಾಟ, 45 ಬಾರಿ ಏರಿಳಿತ. ಆದರೆ ಒಂದು ಇಳಿತದಲ್ಲಿ ನೆಲ ಮುಟ್ಟುವ ನಿರ್ಣಾಯಕ ಭಾಗ ಸುಮಾರು ಹತ್ತು ಸೆಕೆಂಡಿನದು. 45 ಬಾರಿ ಇಳಿದರೂ ಆ ಕೌಶಲದ ಒಟ್ಟು ಅಭ್ಯಾಸ ಏಳೂವರೆ ನಿಮಿಷ! ಸೈಕಲ್ ತುಳಿಯಲು ಕಲಿಯುವ ಮಗುವಿಗೂ ಇದಕ್ಕಿಂತ ಹೆಚ್ಚು ಸಮಯ ಸಿಗುತ್ತದೆ. ಪರವಾನಗಿ ಪತ್ರ ಕೈಗೆ ಬಂದೊಡನೆ ಕಲಿಕೆ ಮುಗಿಯಿತೆಂದು ತಿಳಿಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಬೋಧಕರ ಇಕ್ಕಟ್ಟು

ಗ್ಲೈಡರ್ ಯುಗದ ಮೊದಲ ಸಾಧಕ, ಜರ್ಮನಿಯ ಓಟ್ಟೊ ಲಿಲಿಯೆಂಥಾಲ್‌ಗೆ ಬೋಧಕರಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಬಾರಿ ಹಾರಿದ್ದ ಆತ 1896ರ ಆಗಸ್ಟ್ 9ರಂದು ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಮರುದಿನ ಬರ್ಲಿನ್‌ನಲ್ಲಿ ಮೃತಪಟ್ಟ. ಒಂದನೆಯ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಎಂಜಿನ್ ವಿಮಾನಗಳ ಮೇಲೆ ನಿರ್ಬಂಧ ಹೇರಿದಾಗ ಜರ್ಮನಿಯ ಯುವಕರು ಗ್ಲೈಡರ್‌ನತ್ತ ಹೊರಳಿದರು. 1920ರಲ್ಲಿ ವಾಸರ್‌ಕುಪ್ಪೆ ಬೆಟ್ಟದಲ್ಲಿ ಸ್ಪರ್ಧೆಗಳು ಆರಂಭವಾದವು. ಆ ಕಾಲದ ತರಬೇತಿಯಲ್ಲಿ ಒಂದೇ ಆಸನದ ತೆರೆದ ಗ್ಲೈಡರ್‌ನಲ್ಲಿ ವಿದ್ಯಾರ್ಥಿಯನ್ನು ಕೂರಿಸಿ, ರಬ್ಬರ್ ಹಗ್ಗದಿಂದ ಗುಡ್ಡದ ಮೇಲಿಂದ ಚಿಮ್ಮಿಸುತ್ತಿದ್ದರು. ಮೊದಲ ಹಾರಾಟವೇ ಒಂಟಿ ಹಾರಾಟ. ಎರಡನೆಯ ಮಹಾಯುದ್ಧದ ಬಳಿಕ ಎರಡು ಆಸನಗಳ ಗ್ಲೈಡರ್‌ಗಳು ವ್ಯಾಪಕವಾಗಿ ಬಂದು, ಬೋಧಕರು ಹಿಂದಿನ ಆಸನದಲ್ಲಿ ಕುಳಿತು ಕಲಿಸುವ ಪದ್ಧತಿ ನೆಲೆಗೊಂಡಿತು.

ಇದರಿಂದ ಸುರಕ್ಷತೆ ಹೆಚ್ಚಿತು. ಆದರೆ ಹೊಸ ಸಮಸ್ಯೆಯೊಂದೂ ಹುಟ್ಟಿತು. ವಿದ್ಯಾರ್ಥಿ ತಪ್ಪು ಮಾಡುತ್ತಿರುವಾಗ ಬೋಧಕರು ಯಾವಾಗ ಕೈಹಾಕಬೇಕು? ಬೇಗ ಕೈಹಾಕಿದರೆ ವಿದ್ಯಾರ್ಥಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲು ಎಂದೂ ಕಲಿಯುವುದಿಲ್ಲ. ತಡವಾದರೆ ಇಬ್ಬರಿಗೂ ಉಳಿಗಾಲವಿಲ್ಲ. ನೂರು ಮೀಟರ್ ಎತ್ತರದಲ್ಲಿ ಈ ನಿರ್ಧಾರಕ್ಕೆ ಐದಾರು ಸೆಕೆಂಡ್ ಸಿಗಬಹುದು, ಐದು ಮೀಟರ್ ಎತ್ತರದಲ್ಲಿ ಒಂದು ಸೆಕೆಂಡೂ ಸಿಗುವುದಿಲ್ಲ. ಹಿಂದಿನ ಆಸನದಿಂದ ಮುಂದಿನ ನೋಟಕ್ಕೆ ವಿದ್ಯಾರ್ಥಿಯ ತಲೆಯೇ ಅಡ್ಡ.

ಇನ್ನೂ ಸೂಕ್ಷ್ಮವಾದ ವಿಷಯವೆಂದರೆ, ದಡ್ಡ ವಿದ್ಯಾರ್ಥಿಗಿಂತ ಜಾಣ ವಿದ್ಯಾರ್ಥಿಯೇ ಬೋಧಕರನ್ನು ಹೆಚ್ಚು ಅಪಾಯಕ್ಕೆ ತಳ್ಳಬಲ್ಲ. ಒಂಟಿ ಹಾರಾಟದ ಹೊಸ್ತಿಲಲ್ಲಿರುವ, ಹತ್ತು ಬಾರಿ ಅಚ್ಚುಕಟ್ಟಾಗಿ ಇಳಿದವನ ಹನ್ನೊಂದನೆಯ ಇಳಿತದಲ್ಲಿ ಬೋಧಕರ ಕೈ ಸನ್ನೆಯಿಂದ ದೂರ ಸರಿದಿರುತ್ತದೆ. ವಿಮಾನ ಯಾರ ಕೈಯಲ್ಲಿದೆ ಎಂಬ ಗೊಂದಲವೂ ಅಪಘಾತಕ್ಕೆ ಕಾರಣವಾಗುತ್ತದೆ. ಬೋಧಕರು ವಹಿಸಿಕೊಂಡರೆಂದು ವಿದ್ಯಾರ್ಥಿ, ವಿದ್ಯಾರ್ಥಿಯೇ ನಡೆಸುತ್ತಿದ್ದಾನೆಂದು ಬೋಧಕರು ಭಾವಿಸಿದಾಗ ವಿಮಾನ ಅನಾಥವಾಗುತ್ತದೆ. 'ಈಗ ನಿಯಂತ್ರಣ ನನ್ನದು' ಎಂದು ಬಾಯಿಬಿಟ್ಟು ಹೇಳಲೇಬೇಕೆಂಬ ನಿಯಮ ಇರುವುದು ಇದಕ್ಕೆ.

ಬ್ರಿಟನ್ ಕಂಡುಕೊಂಡ ದಾರಿ

ಇವೆಲ್ಲ ಅನಿವಾರ್ಯವೇ? ಅಲ್ಲ ಎಂಬುದಕ್ಕೆ ಬ್ರಿಟನ್ನಿನ ಅನುಭವ ಸಾಕ್ಷಿ. ಅಲ್ಲಿ ವಿಂಚ್‌ನಿಂದ ಮೇಲೇರುವಾಗ ನಡೆಯುತ್ತಿದ್ದ ಸಾವುನೋವುಗಳು ಗ್ಲೈಡಿಂಗ್ ಅಸೋಸಿಯೇಷನ್ನಿನ ಚಿಂತೆಗೆ ಕಾರಣವಾಗಿದ್ದವು. ಕಡಿದಾಗಿ ಏರುತ್ತಿರುವಾಗ ಹಗ್ಗ ಕಡಿದರೆ ವೇಗ ಕ್ಷಣಾರ್ಧದಲ್ಲಿ ಕುಸಿಯುತ್ತದೆ. ಮೂತಿಯನ್ನು ತಕ್ಷಣ ತಗ್ಗಿಸಿ, ವೇಗ ಮರಳುವವರೆಗೆ ಕಾಯ್ದು, ಆ ಬಳಿಕವೇ ತಿರುಗುವ ಅಥವಾ ಏರ್‌ಬ್ರೇಕ್ ಎಳೆಯುವ ಯೋಚನೆ ಮಾಡಬೇಕು. ಅಂದರೆ ಇದೂ ಮೂಲತಃ ಇಳಿಯುವ ಸಮಸ್ಯೆಯೇ. ಯೋಚಿಸಿರದ ಕ್ಷಣದಲ್ಲಿ ಇಳಿಯಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಅಸೋಸಿಯೇಷನ್ ಹಲವು ದಶಕಗಳ ಅಪಘಾತ ವರದಿಗಳನ್ನು ಒಂದೆಡೆ ತಂದು, ಪ್ರತಿಯೊಂದೂ ಯಾವ ಎತ್ತರದಲ್ಲಿ, ಯಾವ ತಪ್ಪಿನಿಂದ ಆಯಿತೆಂದು ವಿಂಗಡಿಸಿತು. ಅದರ ಆಧಾರದ ಮೇಲೆ 2005ರಲ್ಲಿ 'ಸೇಫ್ ವಿಂಚ್ ಲಾಂಚ್' ಅಭಿಯಾನ ಆರಂಭವಾಯಿತು. ಕೆಲವೇ ಸರಳ ಸೂತ್ರಗಳು: ಓಟದ ಆರಂಭದಲ್ಲಿ ರೆಕ್ಕೆಯನ್ನು ಸಮತಟ್ಟಾಗಿ ಇಡಲಾಗದಿದ್ದರೆ ಅದು ನೆಲ ಸವರುವ ಮೊದಲೇ ಹಗ್ಗ ಬಿಡಿಸು, ಬಿಡಿಸುವ ಗುಂಡಿಯ ಮೇಲೆ ಕೈ ಇರಲಿ, ಏಕಾಏಕಿ ಕಡಿದಾಗಿ ಏರಬೇಡ, ಹಗ್ಗ ಕಡಿದರೆ ಮೊದಲು ಮೂತಿ ತಗ್ಗಿಸು. ಇವುಗಳನ್ನು ಪ್ರತಿ ಕ್ಲಬ್ಬಿನ ಪ್ರತಿ ಬೋಧಕರಿಗೂ ಮುಟ್ಟಿಸಲಾಯಿತು. ನಂತರದ ವರ್ಷಗಳಲ್ಲಿ ವಿಂಚ್ ಉಡ್ಡಯನದ ಸಾವು ಮತ್ತು ಗಂಭೀರ ಗಾಯದ ಪ್ರಮಾಣ ಗಣನೀಯವಾಗಿ ಇಳಿಯಿತು. ಇದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಕಾನೂನೂ ಬೇಕಾಗಲಿಲ್ಲ. ಹಳೆಯ ತಪ್ಪುಗಳ ಪ್ರಾಮಾಣಿಕ ಲೆಕ್ಕ ಸಾಕಾಯಿತು.

ಭಾರತದ ಸ್ಥಿತಿ

ಗ್ಲೈಡರ್ ಭಾರತಕ್ಕೆ, ಅದರಲ್ಲೂ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ.ಎಂ. ಘಾಟಗೆ 1941ರಲ್ಲಿ ವಿನ್ಯಾಸಗೊಳಿಸಿದ ಜಿ-1, ಹತ್ತು ಜನರು ಕೂರಬಲ್ಲ ಗ್ಲೈಡರ್. ಸ್ವಾತಂತ್ರ್ಯಾನಂತರ ನಾಗರಿಕ ವಿಮಾನಯಾನ ಇಲಾಖೆಯೇ ಅಶ್ವಿನಿ, ರೋಹಿಣಿ, ಭರಣಿ ಮೊದಲಾದ ನಕ್ಷತ್ರಗಳ ಹೆಸರಿನ ಗ್ಲೈಡರ್‌ಗಳನ್ನು ರೂಪಿಸಿತು. ಆರ್ದ್ರಾ ಎಂಬ ತರಬೇತಿ ಗ್ಲೈಡರನ್ನು ಎಚ್‌ಎಎಲ್ ಸಂಸ್ಥೆ ಎನ್‌ಸಿಸಿ ವಾಯುದಳಕ್ಕಾಗಿ ತಯಾರಿಸಿಕೊಟ್ಟಿತು. ಪುಣೆಯ ಹಡಪ್ಸರದ ಗ್ಲೈಡಿಂಗ್ ಕೇಂದ್ರ ದಶಕಗಳ ಕಾಲ ಸಾಮಾನ್ಯ ನಾಗರಿಕರಿಗೂ ಕಡಿಮೆ ಖರ್ಚಿನಲ್ಲಿ ಹಾರಾಟ ಕಲಿಸಿತು.

ಕಾಲಕ್ರಮೇಣ ಅನೇಕ ಗ್ಲೈಡಿಂಗ್ ಕ್ಲಬ್ಬುಗಳು ನಿಷ್ಕ್ರಿಯವಾದವು. ಎನ್‌ಸಿಸಿ ಕೂಡ ಎಂಜಿನ್ ಇರುವ ಮೈಕ್ರೋಲೈಟ್ ವಿಮಾನಗಳತ್ತ ಹೊರಳಿತು. ಊರ ಹೊರಗಿದ್ದ ಮೈದಾನಗಳ ಸುತ್ತ ನಗರ ಬೆಳೆದು, ತಪ್ಪಿ ಇಳಿಯಲು ಇದ್ದ ಹೊಲಗಳು ಬಡಾವಣೆಗಳಾದವು. ಇತ್ತ ಎಂಜಿನ್ ವಿಮಾನಗಳ ತರಬೇತಿ ಮಾತ್ರ ಭರದಿಂದ ಬೆಳೆಯಿತು. 2023ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನೀಡಿದ ವಾಣಿಜ್ಯ ಪೈಲಟ್ ಪರವಾನಗಿಗಳ ಸಂಖ್ಯೆ 1,622. ವಿಮಾನ ನಿಲ್ದಾಣ ಪ್ರಾಧಿಕಾರದ ಉದಾರ ನೀತಿಯಡಿ ಹೊಸ ತರಬೇತಿ ಸಂಸ್ಥೆಗಳಿಗೆ ಆಯ್ಕೆಯಾದ ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿ ಮತ್ತು ಕಲಬುರಗಿಯೂ ಸೇರಿವೆ.

ಗ್ಲೈಡರ್‌ನ ಪಾಠ ಇವರಿಗೇಕೆ ಎಂಬ ಪ್ರಶ್ನೆ ಸಹಜ. ಎಂಜಿನ್ ಕೈಕೊಟ್ಟ ಕ್ಷಣದಲ್ಲಿ ಪ್ರತಿಯೊಂದು ವಿಮಾನವೂ ಗ್ಲೈಡರೇ ಎಂಬುದು ಅದಕ್ಕೆ ಉತ್ತರ. 1983ರ ಜುಲೈ 23ರಂದು ಕೆನಡಾದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ನಿಂತ ಬೋಯಿಂಗ್ 767 ವಿಮಾನವನ್ನು ಗಿಮ್ಲಿ ಎಂಬ ಹಳೆಯ ವಾಯುನೆಲೆಯಲ್ಲಿ ಇಳಿಸಿ 69 ಜನರನ್ನು ಉಳಿಸಿದ ಕ್ಯಾಪ್ಟನ್ ರಾಬರ್ಟ್ ಪಿಯರ್‌ಸನ್ ಗ್ಲೈಡರ್ ಪೈಲಟ್ ಆಗಿದ್ದರು. ಎತ್ತರ ಹೆಚ್ಚಾದಾಗ ವಿಮಾನವನ್ನು ಓರೆಯಾಗಿ ಜಾರಿಸಿ ಇಳಿಸುವ, ಗ್ಲೈಡರ್‌ನಲ್ಲಿ ಕಲಿತ ತಂತ್ರವೇ ಅಂದು ಅವರ ಕೈ ಹಿಡಿಯಿತು. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿ 155 ಜನರ ಪ್ರಾಣ ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಕೂಡ ಗ್ಲೈಡರ್ ಹಾರಿಸಿ ಬಲ್ಲವರು. ನಮ್ಮಲ್ಲಿಯೇ 2023ರ ಮೇ 30ರಂದು ಬೆಳಗಾವಿಯಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿದಾಗ, ಅದರಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಹೊಲವನ್ನು ಆರಿಸುವುದು, ಗಾಳಿಯ ದಿಕ್ಕನ್ನು ಗ್ರಹಿಸುವುದು, ಒಂದೇ ಅವಕಾಶದಲ್ಲಿ ಇಳಿಯುವುದು ಎಂಜಿನ್ ಪೈಲಟ್‌ಗೆ ಅಪರೂಪದ ಪರೀಕ್ಷೆ, ಗ್ಲೈಡರ್ ವಿದ್ಯಾರ್ಥಿಗೆ ನಿತ್ಯದ ಪಾಠ.

ಆಗಬೇಕಾದುದೇನು?

ಭಾರತದಲ್ಲಿ ವಿಮಾನ ಅಪಘಾತ ತನಿಖಾ ಮಂಡಳಿ 2012ರಲ್ಲಿ ಅಸ್ತಿತ್ವಕ್ಕೆ ಬಂದಿತು. ತನಿಖೆಯ ಉದ್ದೇಶ ಮತ್ತೊಂದು ಅಪಘಾತವನ್ನು ತಡೆಯುವುದೇ ಹೊರತು ಯಾರನ್ನೂ ತಪ್ಪಿತಸ್ಥರೆನ್ನುವುದಲ್ಲ ಎಂಬ ಅಂತರರಾಷ್ಟ್ರೀಯ ತತ್ವವನ್ನು ಅದೂ ಒಪ್ಪಿದೆ. ಆದರೆ ಮಂಡಳಿಯ ಗಮನಕ್ಕೆ ಬರುವುದು ದೊಡ್ಡ ಘಟನೆಗಳು. ಪುಟಿದು ಇಳಿದ ವಿಮಾನ, ಬೇಲಿಯನ್ನು ಕೂದಲೆಳೆಯಲ್ಲಿ ದಾಟಿದ ರೆಕ್ಕೆ, ಕೊನೆಯ ಗಳಿಗೆಯಲ್ಲಿ ಬೋಧಕರು ಕೈಹಾಕಿ ಉಳಿಸಿದ ತಿರುವು, ಇವು ಹ್ಯಾಂಗರಿನ ಚಹಾದ ಹೊತ್ತಿನ ಮಾತಾಗಿ ಮುಗಿಯಬಾರದು. ನಾಳಿನ ದುರಂತದ ಮುನ್ಸೂಚನೆಗಳು ಇರುವುದು ಇವುಗಳಲ್ಲೇ. ಶಿಕ್ಷೆಯ ಭಯವಿಲ್ಲದೆ ಇವನ್ನು ಬರೆದಿಡುವ, ವರ್ಷಕ್ಕೊಮ್ಮೆ ವಿಂಗಡಿಸಿ ಎಲ್ಲ ತರಬೇತಿ ಸಂಸ್ಥೆಗಳಿಗೂ ಹಂಚುವ ವ್ಯವಸ್ಥೆ ಗಟ್ಟಿಯಾಗಬೇಕು.

ಎರಡನೆಯದಾಗಿ, ಬೋಧಕರ ಗುಣಮಟ್ಟ. ಹಾರಾಟದ ಗಂಟೆಗಳನ್ನು ಎಣಿಸಿ ಬೋಧಕರನ್ನು ನೇಮಿಸಿದರೆ ಸಾಲದು. ಯಾವಾಗ ಕೈಹಾಕಬೇಕೆಂಬುದನ್ನು ಅವರಿಗೂ ಮತ್ತೆ ಮತ್ತೆ ಕಲಿಸಬೇಕು. ಮೂರನೆಯದಾಗಿ, ವಾಣಿಜ್ಯ ಪೈಲಟ್ ಆಗಬಯಸುವವರಿಗೆ ಕೆಲವು ಗಂಟೆಗಳ ಗ್ಲೈಡರ್ ಅನುಭವ ದೊರಕಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕು. ತಗಲುವ ಖರ್ಚು ಎಂಜಿನ್ ವಿಮಾನದ ಗಂಟೆಗೆ ಹೋಲಿಸಿದರೆ ಅಲ್ಪ. ಇದಕ್ಕೆ ಬೇಕಾದ ಬಯಲನ್ನು ನಗರಗಳು ನುಂಗುವ ಮುನ್ನ ಕಾಯ್ದಿರಿಸುವುದು ಸರ್ಕಾರದ ಹೊಣೆ.

ಹಾರಾಟ ಕಲಿಯುವ ಆಸೆಯಿಂದ ಬರುವ ಹದಿಹರೆಯದ ಮಕ್ಕಳ ಪೋಷಕರು ಸಾಮಾನ್ಯವಾಗಿ ಕೇಳುವುದು ಶುಲ್ಕ ಎಷ್ಟು, ಪರವಾನಗಿ ಎಷ್ಟು ತಿಂಗಳಿಗೆ ಸಿಗುತ್ತದೆ ಎಂಬುದನ್ನು. ಕಳೆದ ವರ್ಷ ಈ ಮೈದಾನದಲ್ಲಿ ಎಷ್ಟು ಇಳಿತಗಳು ಕೆಟ್ಟವು, ಅವುಗಳಿಂದ ನೀವು ಏನು ಬದಲಾಯಿಸಿಕೊಂಡಿರಿ ಎಂದೂ ಅವರು ಕೇಳುವಂತಾಗಬೇಕು. ಆ ಪ್ರಶ್ನೆಗೆ ದಾಖಲೆ ತೆರೆದು ಉತ್ತರಿಸಬಲ್ಲ ಸಂಸ್ಥೆಯ ಕೈಗೆ ಮಕ್ಕಳನ್ನು ಒಪ್ಪಿಸಬಹುದು. ನಮ್ಮಲ್ಲಿ ಅಂಥದ್ದೇನೂ ಆಗಿಯೇ ಇಲ್ಲ ಎನ್ನುವವರ ಬಗ್ಗೆ ಎರಡು ಬಾರಿ ಯೋಚಿಸುವುದು ಒಳ್ಳೆಯದು.